ಗಲ್ಲಾ ತುಂಬಿದೆ, ಸಾಲ ಹುಟ್ಟುತ್ತಿಲ್ಲ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಸಣ್ಣ ಅಂಗಡಿಗಳಲ್ಲಿ ಹೊಸದೊಂದು ನೋಟ ಕಂಡಿತು. ಗಲ್ಲಾ ಪಕ್ಕದ ಕ್ಯೂಆರ್ ಕೋಡ್ ಕಿತ್ತು, ಅದೇ ಜಾಗದಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂದು ಕೈಬರಹದ ಹಾಳೆ ಅಂಟಿಸಿದರು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೂ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಆಗಬೇಕು ಎನ್ನುವ ನಿಯಮ ಹಳೆಯದೇ. ಆದರೆ ಅದು ತಮಗೂ ಅನ್ವಯಿಸುತ್ತದೆಂದು ಎಷ್ಟೋ ಅಂಗಡಿಯವರಿಗೆ ಹೊಳೆದದ್ದು ನೋಟಿಸ್ ಕೈಗೆ ಬಂದ ಮೇಲೆ. ಮುಖ್ಯಮಂತ್ರಿ ವ್ಯಾಪಾರಿಗಳನ್ನು ಕರೆಸಿ ಮಾತಾಡುವವರೆಗೂ ಗದ್ದಲ ನಡೆಯಿತು. ತೆರಿಗೆಯ ಸರಿ ತಪ್ಪುಗಳ ಬಗ್ಗೆ ಎಲ್ಲರೂ ಮಾತಾಡಿದರು. ಇನ್ನೊಂದು ನಷ್ಟದ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ: ಸ್ವಂತ ಮನೆಯ ಆಸೆ ಇಟ್ಟುಕೊಂಡ ಅಂಗಡಿಯವನಿಗೆ, ತಾನು ದುಡಿಯುತ್ತಿದ್ದೇನೆಂದು ಬ್ಯಾಂಕಿನ ಮುಂದೆ ಸಾಕ್ಷಿ ಹೇಳಬಲ್ಲ ಏಕೈಕ ದಾಖಲೆ ಆ ಕ್ಯೂಆರ್ ಕೋಡಿನ ಜಮೆಯೇ ಆಗಿತ್ತು.

ಮನೆ ಸಾಲದ ತಯಾರಿ ಎಂದರೆ ಬಹಳ ಜನ ಮನೆ ನೋಡುವುದರಿಂದ ಶುರು ಮಾಡುತ್ತಾರೆ. ಭಾನುವಾರ ಕೆ.ಆರ್. ಪುರದ ಕಡೆ ಹೋಗಿ ಮಾಡೆಲ್ ಫ್ಲ್ಯಾಟ್ ನೋಡುವುದು, ಟೋಕನ್ ಅಡ್ವಾನ್ಸ್ ಕೊಡುವುದು, ಆಮೇಲೆ ಬ್ಯಾಂಕಿಗೆ ಹೋಗುವುದು. ಈ ಕ್ರಮವೇ ತಲೆಕೆಳಗು ಎಂಬುದು ನನ್ನ ತಕರಾರು. ಮನೆ ನೋಡುವ ಎರಡು ಮೂರು ವರ್ಷ ಮೊದಲೇ ನಮ್ಮ ದುಡಿಮೆ ಕಾಗದದ ಮೇಲೆ ಬಂದಿರಬೇಕು. ಅದರಲ್ಲೂ ದಂಡು ಪ್ರದೇಶದಿಂದ ಪೂರ್ವಕ್ಕೆ ಹರಡಿದ ಈ ಪಟ್ಟಿಯಲ್ಲಿ. ಶಿವಾಜಿನಗರ, ಹಲಸೂರಿನ ಬದುಕು ಇವತ್ತಿಗೂ ನಗದು, ಚೀಟಿ, ಕೈಸಾಲ, ಭೋಗ್ಯದ ಮೇಲೆ ನಡೆಯುತ್ತದೆ. ಇವುಗಳಲ್ಲಿ ಒಂದೂ ಬ್ಯಾಂಕಿನ ಕಣ್ಣಿಗೆ ಬೀಳುವುದಿಲ್ಲ.

ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಒಂದು ಬಟ್ಟೆ ಅಂಗಡಿ ಇದೆಯೆನ್ನಿ. ಹತ್ತು ಅಡಿ ಅಗಲ, ಒಬ್ಬ ಹುಡುಗ ಕೆಲಸಕ್ಕೆ. ವರ್ಷಕ್ಕೆ 36 ಲಕ್ಷ ವಹಿವಾಟು, ಹೆಚ್ಚಿನದು ನಗದಿನಲ್ಲಿ. ಮಾಲೀಕರು ಸಾಲಕ್ಕೆಂದು ಬ್ಯಾಂಕಿನಲ್ಲಿ ಕೂತಾಗ ನಡೆಯುವ ಮಾತುಕತೆ ಹೆಚ್ಚುಕಡಿಮೆ ಹೀಗಿರುತ್ತದೆ.

‘ತಿಂಗಳಿಗೆ ಎಷ್ಟು ಉಳಿಯುತ್ತೆ?’

‘ಬಾಡಿಗೆ, ಹುಡುಗನ ಸಂಬಳ ಎಲ್ಲಾ ಕಳೆದು ಎಪ್ಪತ್ತೈದು ಸಾವಿರಕ್ಕೆ ಮೋಸ ಇಲ್ಲ ಸಾರ್.’

‘ರಿಟರ್ನ್‌ನಲ್ಲಿ ವರ್ಷಕ್ಕೆ 2 ಲಕ್ಷದ 88 ಸಾವಿರ ಅಂತಿದೆಯಲ್ಲ?’

‘ಅದು ಆಡಿಟರ್ ಹಾಕಿದ್ದು ಸಾರ್.’

ಆಡಿಟರ್ ಹಾಕಿದ್ದು ಎಲ್ಲಿಂದ ಬಂತು? ಸಣ್ಣ ವ್ಯಾಪಾರಿಗಳು ಲೆಕ್ಕಪುಸ್ತಕ ಇಡದೆ ವಹಿವಾಟಿನ ಒಂದು ಪಾಲನ್ನು ಲಾಭವೆಂದು ತೋರಿಸಬಹುದಾದ ಅಂದಾಜು ಆದಾಯದ ಪದ್ಧತಿ ಆದಾಯ ತೆರಿಗೆ ಕಾನೂನಿನಲ್ಲಿದೆ. ನಗದು ವಹಿವಾಟಿಗೆ ಕನಿಷ್ಠ ಶೇ 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ಕನಿಷ್ಠ ಶೇ 6. ‘ಕನಿಷ್ಠ’ ಎಂಬುದನ್ನು ನಮ್ಮವರು ‘ಇಷ್ಟೇ’ ಎಂದು ಓದಿಕೊಂಡುಬಿಟ್ಟಿದ್ದಾರೆ. 36 ಲಕ್ಷಕ್ಕೆ ಶೇ 8 ಅಂದರೆ 2.88 ಲಕ್ಷ, ತಿಂಗಳಿಗೆ 24 ಸಾವಿರ. ಎಲ್ಲ ಸಾಲಗಳ ಕಂತು ಸೇರಿ ಆದಾಯದ ಅರ್ಧದ ಆಸುಪಾಸಿನಲ್ಲಿರಬೇಕು ಎಂಬುದು ಬ್ಯಾಂಕುಗಳ ರೂಢಿ. ಸಂಬಳ ಹೆಚ್ಚಿದ್ದರೆ ಸ್ವಲ್ಪ ಸಡಿಲ, ಕಡಿಮೆಯಿದ್ದರೆ ಇನ್ನೂ ಬಿಗಿ. ಹಾಗಾದರೆ ಈ ಅಂಗಡಿಯವರು ಕಟ್ಟಬಲ್ಲ ಕಂತು 12 ಸಾವಿರ. ಶೇ 8.5 ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಂಡರೆ ಒಂದು ಲಕ್ಷಕ್ಕೆ ತಿಂಗಳ ಕಂತು 868 ರೂಪಾಯಿ. 12 ಸಾವಿರಕ್ಕೆ ಹುಟ್ಟುವ ಸಾಲ ಹದಿನಾಲ್ಕು ಲಕ್ಷವೂ ಆಗುವುದಿಲ್ಲ. ಅದೇ ಅವರು ನಿಜವಾಗಿ ಉಳಿಯುವ ವರ್ಷದ 9 ಲಕ್ಷವನ್ನೇ ತೋರಿಸಿದ್ದರೆ 37,500 ರೂಪಾಯಿ ಕಂತಿಗೆ 43 ಲಕ್ಷ ಸಿಗುತ್ತಿತ್ತು. ಅಂಗಡಿ ಅದೇ, ಮನುಷ್ಯರೂ ಅವರೇ. ನಡುವಿನ 29 ಲಕ್ಷದ ಅಂತರ ಒಂದು ಹಾಳೆಯದು.

ಹಿಂದೆಲ್ಲ ಕಡಿಮೆ ತೋರಿಸುವುದಕ್ಕೆ ತೆರಿಗೆಯ ಭಯ ಕಾರಣವಾಗಿತ್ತು. ಈಗ ಆ ನೆಪವೂ ಉಳಿದಿಲ್ಲ. 2025-26ರ ಆರ್ಥಿಕ ವರ್ಷದಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಯಾಯಿತಿ ಕಳೆದು ತೆರಿಗೆಯೇ ಬೀಳುವುದಿಲ್ಲ. 9 ಲಕ್ಷ ತೋರಿಸಿದರೂ ಸೊನ್ನೆ, 3 ಲಕ್ಷ ತೋರಿಸಿದರೂ ಸೊನ್ನೆ. ಹೀಗಿದ್ದೂ ಹಳೆ ಅಭ್ಯಾಸದ ಮೇಲೆ ಕನಿಷ್ಠವನ್ನೇ ಬರೆಸುವವರು ತಮ್ಮ ಸಾಲದ ಅರ್ಹತೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ. ಇಷ್ಟು ಕೇಳಿದ ಕೂಡಲೇ ಆಡಿಟರ್ ಹತ್ತಿರ ಓಡಿ ಈ ವರ್ಷದ ರಿಟರ್ನ್ ದಪ್ಪ ಮಾಡಿಸಿದರೆ ಆಗದು. ಸ್ವಂತ ಉದ್ಯೋಗದವರಿಂದ ಬ್ಯಾಂಕು ಕೇಳುವುದು ಎರಡು ಮೂರು ವರ್ಷಗಳ ರಿಟರ್ನ್. ಮೂರೂ ಒಂದೇ ವಾರ ಸಲ್ಲಿಕೆಯಾಗಿದ್ದರೆ, ಇಲ್ಲವೇ ಆದಾಯ ಹೋದ ವರ್ಷ 3 ಇದ್ದದ್ದು ಈ ವರ್ಷ 11ಕ್ಕೆ ಜಿಗಿದಿದ್ದರೆ, ಮೇಜಿನ ಆಚೆ ಕೂತವರ ಹುಬ್ಬು ಮೇಲೇರುತ್ತದೆ. ತೋರಿಸಿದ ಆದಾಯಕ್ಕೆ ತಕ್ಕ ಜಮೆ ಖಾತೆಯಲ್ಲಿ ಕಾಣಬೇಕು. ಅದಕ್ಕೇ ಹೇಳಿದ್ದು, ಕ್ಯೂಆರ್ ಕೋಡ್ ಕಿತ್ತದ್ದು ಸಣ್ಣ ಸಂಗತಿಯಲ್ಲ ಎಂದು. ರಿಟರ್ನ್ ಇಲ್ಲದವರಿಗೂ ಖಾತೆಯ ವಹಿವಾಟು, ಜಿಎಸ್‌ಟಿ ಲೆಕ್ಕ ನೋಡಿ ಆದಾಯ ಅಂದಾಜು ಮಾಡಿ ಸಾಲ ಕೊಡುವ ಹೌಸಿಂಗ್ ಫೈನಾನ್ಸ್ ಕಂಪನಿಗಳಿವೆ. ಬಡ್ಡಿ ಬ್ಯಾಂಕಿನದಕ್ಕಿಂತ ಜಾಸ್ತಿ ಇರುತ್ತದೆ, ಅಷ್ಟೆ.

ಇದೇ ಪೂರ್ವ ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಕಾಗದದ ಚಿಂತೆಯೇ ಇರಲಿಲ್ಲ, ಯಾಕೆಂದರೆ ಕಾಗದವನ್ನು ಕಾರ್ಖಾನೆ ಕೊಡುತ್ತಿತ್ತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, ಆಮೇಲೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಬಿಇಎಂಎಲ್. ಬೆಳಿಗ್ಗೆ ಸೈರನ್ ಕೂಗಿದರೆ ಸೈಕಲ್ಲುಗಳ ಸಾಲು. ಆ ನೌಕರರಿಗೆ ಸಂಬಳದ ಚೀಟಿ ಇತ್ತು, ಪಿಎಫ್ ಇತ್ತು, ಗೃಹ ನಿರ್ಮಾಣ ಸಹಕಾರ ಸಂಘ ಇತ್ತು, ಜಾಮೀನಿಗೆ ಪಕ್ಕದ ಮೆಷಿನ್ನಿನ ಗೆಳೆಯನಿದ್ದ. ಇಂದಿರಾನಗರದ ಅರ್ಧ ಭಾಗಕ್ಕೆ ಈಗಲೂ ಎಚ್‌ಎಎಲ್ ಎರಡನೇ ಹಂತ, ಮೂರನೇ ಹಂತ ಎಂದೇ ವಿಳಾಸ. ಸಂಘ ಕಟ್ಟಿಕೊಂಡು ಮನೆ ಮಾಡಿಕೊಳ್ಳುವುದರಲ್ಲಿ ಈ ಊರಿಗೆ ದೊಡ್ಡ ಹಿರಿತನವೇ ಇದೆ. 1909ರಲ್ಲಿ ಹುಟ್ಟಿದ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿಯನ್ನು ದೇಶದ ಮೊದಲ ಗೃಹ ನಿರ್ಮಾಣ ಸಹಕಾರ ಸಂಘವೆಂದು ಗುರುತಿಸುತ್ತಾರೆ. 2002ರಲ್ಲಿ ಎನ್‌ಜಿಇಎಫ್ ಬಾಗಿಲು ಹಾಕಿತು. ಕಾರ್ಖಾನೆಗಳು ಸೊರಗಿದ ಕಾಲದಲ್ಲೇ ಗೆಳೆಯನ ಜಾಮೀನಿನ ಜಾಗಕ್ಕೆ ಬಂದು ಕೂತದ್ದು, ಯಾರು ಸಾಲ ಹೇಗೆ ತೀರಿಸಿದರು ಎಂದು ದಾಖಲೆ ಇಡುವ, 2000ದಲ್ಲಿ ಶುರುವಾದ ಸಿಬಿಲ್.

ಸಿಬಿಲ್ ಅಂಕ 300ರಿಂದ 900ರವರೆಗೆ. 750 ದಾಟಿದ್ದರೆ ಬ್ಯಾಂಕಿನವರು ಮುಖ ಕೊಟ್ಟು ಮಾತಾಡುತ್ತಾರೆ, ಬಡ್ಡಿಯಲ್ಲೂ ಕಾಲು ಅರ್ಧ ಪರ್ಸೆಂಟ್ ಇಳಿಯಬಹುದು. ಯಾವತ್ತೂ ಸಾಲವನ್ನೇ ಮಾಡದವರಿಗೆ ಅಂಕವೇ ಇರುವುದಿಲ್ಲ. ‘ನಾನು ಯಾರ ಹತ್ತಿರವೂ ಒಂದು ಪೈಸೆ ಸಾಲ ಮಾಡಿಲ್ಲ’ ಎಂದು ಎದೆ ತಟ್ಟಿಕೊಳ್ಳುವ ನಮ್ಮ ಹಿರಿಯರು ಇಲ್ಲಿ ಗುರುತು ಪರಿಚಯ ಇಲ್ಲದ ಆಸಾಮಿ. ಅಂಥವರು ಎಫ್‌ಡಿ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್ ಪಡೆದು, ಮಿತಿಯ ಮೂರನೇ ಒಂದು ಭಾಗದೊಳಗೆ ಬಳಸಿ, ಪ್ರತಿ ತಿಂಗಳೂ ಪೂರ್ತಿ ಕಟ್ಟುತ್ತ ಬಂದರೆ ಒಂದು ವರ್ಷದೊಳಗೆ ಗುರುತು ಮೂಡುತ್ತದೆ. ವರದಿಯನ್ನು ವರ್ಷಕ್ಕೊಮ್ಮೆ ಪುಕ್ಕಟೆ ನೋಡಬಹುದು. ಸಿಬಿಲ್ ಅಲ್ಲದೆ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಕೂಡ ಕೊಡಲೇಬೇಕು. ತಪ್ಪು ಇದ್ದರೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ.

ವರದಿ ತೆರೆದಾಗ ಜನ ಬೆಚ್ಚುವುದು ಮೂರು ಕಡೆ. ಭಾವಮೈದುನನ ಆಟೊ ಸಾಲಕ್ಕೆ ಹಾಕಿದ್ದ ಜಾಮೀನು ಅಲ್ಲಿ ನಿಮ್ಮ ಹೆಸರಿನಲ್ಲೇ ಕಾಣುತ್ತದೆ. ಆತ ಕಂತು ತಪ್ಪಿಸಿದರೆ ಕಪ್ಪುಚುಕ್ಕೆ ನಿಮಗೂ. ಕೋವಿಡ್ ಕಾಲದಲ್ಲಿ ಕಾರ್ಡ್ ಬಾಕಿಯನ್ನು ‘ಅರ್ಧ ಕಟ್ಟಿ ಮುಗಿಸಿಕೊಳ್ಳಿ’ ಎಂದು ಏಜೆಂಟ್ ಹೇಳಿದಂತೆ ಮುಗಿಸಿದ್ದರೆ, ಅಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದಿರುತ್ತದೆ. ಆ ಒಂದು ಪದಕ್ಕೆ ಅರ್ಜಿ ಬಿದ್ದುಹೋಗಬಹುದು. ಉಳಿದ ಬಾಕಿ ಕಟ್ಟಿ ನೋ ಡ್ಯೂ ಪತ್ರ ತಂದು ಬದಲಿಸಿಕೊಳ್ಳಬೇಕು. ಮೂರನೆಯದು ಆ್ಯಪ್ ಸಾಲ. ಮೊಬೈಲು, ಮಿಕ್ಸಿ, ಊಟದ ಬಿಲ್ಲಿಗೂ ‘ಈಗ ಕೊಳ್ಳಿ ಆಮೇಲೆ ಕಟ್ಟಿ’ ಒತ್ತಿದವರ ವರದಿಯಲ್ಲಿ ಎರಡು ಸಾವಿರ, ಐದು ಸಾವಿರದ ಸಾಲಗಳು ಸಾಲಾಗಿ ನಿಂತಿರುತ್ತವೆ. ಮೊತ್ತ ಚಿಕ್ಕದಾದರೂ, ಕೈಯಲ್ಲಿ ಕಾಸಿಲ್ಲದ ಮನುಷ್ಯ ಎಂಬ ಅಭಿಪ್ರಾಯ ಮೂಡಲು ಅಷ್ಟು ಸಾಕು.

ಇನ್ನು ಚೀಟಿ. ಹಲಸೂರಿನ ಯಾವ ಬೀದಿಗೆ ಹೋದರೂ ಚೀಟಿ ನಡೆಸುವವರೊಬ್ಬರು, ಗಿರವಿ ಅಂಗಡಿಯೊಂದು ಸಿಗುತ್ತದೆ. ಹದಿನೈದು ವರ್ಷ ಒಂದು ಕಂತೂ ತಪ್ಪದೆ ಚೀಟಿ ಕಟ್ಟಿದ ಹೆಂಗಸು, ಅಡ ಇಟ್ಟ ಒಡವೆಯನ್ನು ಹೇಳಿದ ದಿನಕ್ಕೆ ಬಿಡಿಸಿಕೊಂಡ ಹೆಂಗಸು, ನನ್ನ ಪ್ರಕಾರ ಯಾವ ಸಾಫ್ಟ್‌ವೇರ್ ಎಂಜಿನಿಯರಿಗಿಂತಲೂ ನೆಚ್ಚಿಕೆಯ ಸಾಲಗಾರಳು. ಆದರೆ ಕೈಚೀಟಿಯ ಪುಸ್ತಕ, ಗಿರವಿ ಅಂಗಡಿಯ ರಸೀದಿ ಸಿಬಿಲ್‌ವರೆಗೆ ಹೋಗುವುದಿಲ್ಲ. ಅದೇ ಒಡವೆಯನ್ನು ಬ್ಯಾಂಕಿನಲ್ಲಿಟ್ಟು ಚಿನ್ನದ ಸಾಲ ತೆಗೆದು ತೀರಿಸಿದ್ದರೆ ಅದು ದಾಖಲೆ. ಚೀಟಿ ಎತ್ತಿದ ಹಣದಲ್ಲೂ ತೊಡಕಿದೆ. ಅರ್ಜಿ ಹಾಕುವ ಹಿಂದಿನ ತಿಂಗಳು ಖಾತೆಗೆ ಒಮ್ಮೆಗೇ ನಾಲ್ಕು ಲಕ್ಷ ನಗದು ಬಿದ್ದರೆ ಅದೆಲ್ಲಿಂದ ಬಂತೆಂದು ಕೇಳಿಯೇ ಕೇಳುತ್ತಾರೆ. ಎಂಎಸ್ಐಎಲ್‌ನಂಥ ನೋಂದಾಯಿತ ಚೀಟಿಯಾದರೆ ಕನಿಷ್ಠ ತೋರಿಸಲಿಕ್ಕೆ ಕಾಗದವಿರುತ್ತದೆ. ಕೂಡಿಟ್ಟ ಹಣ ಎಲ್ಲಿದೆ ಎಂಬುದೂ ಮುಖ್ಯ ಎಂದು ಶಿವಾಜಿನಗರ ನೋವಿನಿಂದ ಕಲಿತಿದೆ. 2019ರ ಜೂನ್‌ನಲ್ಲಿ ಲೇಡಿ ಕರ್ಜನ್ ರಸ್ತೆಯ ಐಎಂಎ ಎಂಬ ಹೂಡಿಕೆ ಕಂಪನಿ ಬಾಗಿಲು ಮುಚ್ಚಿ, ಅದರ ಸ್ಥಾಪಕ ದೇಶ ಬಿಟ್ಟು ಹೋದಾಗ, ಬಡ್ಡಿ ಬೇಡ, ಲಾಭದ ಪಾಲು ಸಾಕು ಎಂದು ಹಣ ಹಾಕಿದ್ದ ಸಾವಿರಾರು ಕುಟುಂಬಗಳು ಠಾಣೆಯ ಮುಂದೆ ದೂರು ಹಿಡಿದು ಸಾಲು ನಿಂತವು.

ಭೋಗ್ಯದ ಕಥೆ ಬೇರೆಯೇ. ಹೊರಗಿನವರಿಗೆ ಇದನ್ನು ವಿವರಿಸುವುದೇ ಕಷ್ಟ: ಮಾಲೀಕನಿಗೆ ಹತ್ತು ಹನ್ನೆರಡು ಲಕ್ಷ ಒಟ್ಟಿಗೆ ಕೊಟ್ಟು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಪೂರ್ತಿ ಹಣ ವಾಪಸ್ ಪಡೆಯುವುದು. ಬಾಡಿಗೆ ಉಳಿಯುತ್ತದೆ, ನಿಜ. ಆದರೆ ಮನೆ ಕೊಳ್ಳಲು ಹೊರಟವರಿಗೆ ಮೂರು ಗಂಟುಗಳು ಎದುರಾಗುತ್ತವೆ. ಮುಂಗಡಕ್ಕೆಂದು ನಂಬಿದ ದುಡ್ಡು ಹಳೆ ಮನೆ ಬಿಟ್ಟ ಮೇಲೆ ಕೈಗೆ ಬರುತ್ತದೆ, ಹೊಸ ಮನೆಗೋ ಮೊದಲೇ ಕಟ್ಟಬೇಕು. ಮಾಲೀಕ ಅದನ್ನು ಕೊಡುವುದು ಮುಂದಿನ ಭೋಗ್ಯದಾರ ಸಿಕ್ಕ ಮೇಲೆ, ಹೀಗಾಗಿ ತಿಂಗಳುಗಳು ಜಾರುತ್ತವೆ. ಆ ಮನೆಯನ್ನೇ ಮಾಲೀಕ ಬ್ಯಾಂಕಿಗೆ ಒತ್ತೆಯಿಟ್ಟು ಕಂತು ನಿಲ್ಲಿಸಿದ್ದರಂತೂ, ಹರಾಜಿನ ನೋಟಿಸ್ ಬಾಗಿಲಿಗೆ ಅಂಟಿದ ದಿನವೇ ಭೋಗ್ಯದವರಿಗೆ ವಿಷಯ ತಿಳಿಯುವುದು. ಹಾಗಾಗಿ ಭೋಗ್ಯಕ್ಕೆ ಹೋಗುವ ಮೊದಲು ಆ ಮನೆಯ ಋಣಭಾರ ಪತ್ರ (ಇಸಿ) ತೆಗೆಸಿ ನೋಡುವುದು, ಕರಾರನ್ನು ನೋಂದಾಯಿಸುವುದು, ಹಣವನ್ನು ಖಾತೆಯಿಂದಲೇ ಕಳಿಸುವುದು ಕೂಡ ಮನೆ ಸಾಲದ ತಯಾರಿಯ ಭಾಗವೇ. ಖಾತೆಯಿಂದ ಹೋದ ಹಣ ಖಾತೆಗೇ ಮರಳಿದರೆ ಬ್ಯಾಂಕಿನ ಪ್ರಶ್ನೆಗೆ ಉತ್ತರ ತಯಾರಾಗಿರುತ್ತದೆ.

ಮುಂಗಡ ಎಷ್ಟು ಬೇಕು? ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ. 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ 90, ಅಲ್ಲಿಂದ 75 ಲಕ್ಷದವರೆಗೆ ಶೇ 80, ಅದರಾಚೆ ಶೇ 75. ಮೆಟ್ರೊ ನೇರಳೆ ಮಾರ್ಗ 2023ರಲ್ಲಿ ಕೆ.ಆರ್. ಪುರವನ್ನು ಎರಡೂ ಕಡೆಗೆ ಜೋಡಿಸಿದ ಮೇಲೆ ಅಲ್ಲಿನ ಬೆಲೆಗಳು ಯಾರ ಮಾತೂ ಕೇಳುತ್ತಿಲ್ಲ. 80 ಲಕ್ಷದ ಫ್ಲ್ಯಾಟ್ ಎಂದುಕೊಳ್ಳೋಣ. ಸಾಲ ಹೆಚ್ಚೆಂದರೆ 64 ಲಕ್ಷ, ಕೈಯಿಂದ 16. ಅಲ್ಲಿಗೆ ಮುಗಿಯಲಿಲ್ಲ. ನೋಂದಣಿ ಖರ್ಚಿಗೆ ಬ್ಯಾಂಕ್ ಸಾಲ ಕೊಡುವುದಿಲ್ಲ. 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, ಜತೆಗೆ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ. ಎಲ್ಲ ಸೇರಿ ಶೇ 7.6. ಅಂದರೆ 6 ಲಕ್ಷದ ಮೇಲೆ ಎಂಟು ಸಾವಿರ. ಕಟ್ಟಡ ಇನ್ನೂ ಏಳುತ್ತಿದ್ದರೆ ಶೇ 5 ಜಿಎಸ್‌ಟಿ. ಒಟ್ಟಿನಲ್ಲಿ 22 ಲಕ್ಷಕ್ಕಿಂತ ಕಡಿಮೆ ಇಟ್ಟುಕೊಂಡು 80 ಲಕ್ಷದ ಮನೆಯ ಮಾತಾಡುವಂತಿಲ್ಲ. ಈ ಕೊರತೆಗೆ ಪರ್ಸನಲ್ ಲೋನ್ ತೆಗೆದರೆ ಅದರ ಕಂತು ಮನೆ ಸಾಲದ ಅರ್ಹತೆಯನ್ನೇ ತಿನ್ನುತ್ತದೆ.

ಹಳೆ ಮನೆಗಳ ಮಾರಾಟದಲ್ಲಿ ‘ಇಷ್ಟು ವೈಟು, ಇಷ್ಟು ಬ್ಲ್ಯಾಕು’ ಎನ್ನುವವರು ಇನ್ನೂ ಇದ್ದಾರೆ. ಸಾಲ ಸಿಗುವುದು ಪತ್ರದಲ್ಲಿ ಬರೆದ ಬೆಲೆಗೆ ಮಾತ್ರ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಹೆಚ್ಚು ನಗದು ಮುಂಗಡ ಪಡೆದರೆ ಅಷ್ಟೇ ದಂಡ ಎಂದು ಆದಾಯ ತೆರಿಗೆ ಕಾನೂನು ಹೇಳುತ್ತದೆ.

ನಮ್ಮ ಕಾಗದ ಸರಿಯಾದರೂ ಮನೆಯ ಕಾಗದ ಸರಿಯಿರಬೇಕಲ್ಲ. ಕೆ.ಆರ್. ಪುರ 2007ರವರೆಗೆ ಬೇರೆಯೇ ನಗರಸಭೆ. ಆ ವರ್ಷ ಸುತ್ತಲಿನ ಏಳು ನಗರಸಭೆಗಳು, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಹೊಲ ಇದ್ದಲ್ಲಿ ಪರಿವರ್ತನೆ ಇಲ್ಲದೆಯೋ, ನಕ್ಷೆ ಮಂಜೂರಾತಿ ಇಲ್ಲದೆಯೋ ಎದ್ದಿದ್ದ ರೆವಿನ್ಯೂ ಬಡಾವಣೆಗಳು ‘ಬಿ’ ವಹಿಗೆ ಬಿದ್ದವು. ತೆರಿಗೆ ಕಟ್ಟಿಸಿಕೊಳ್ಳಲು ಇಟ್ಟ ವಹಿಯನ್ನು ಜನ ಹಕ್ಕುಪತ್ರವೆಂದೇ ಭಾವಿಸಿದರು. ದೊಡ್ಡ ಬ್ಯಾಂಕುಗಳು ಹಾಗೆ ಭಾವಿಸುವುದಿಲ್ಲ. ಬಿ ಖಾತಾದ ಮೇಲೆ ಸಾಲ ಕೊಡುವ ಸಣ್ಣ ಸಂಸ್ಥೆಗಳಿಗೆ ಬಡ್ಡಿ ಏರಿಸಲು ಅದೇ ಕಾರಣ ಸಾಕು. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯ. ನಿವೇಶನಗಳ ಬಿ ಖಾತಾವನ್ನು ಶುಲ್ಕ ಕಟ್ಟಿಸಿಕೊಂಡು ‘ಎ’ ಮಾಡಿಕೊಡುವ ಯೋಜನೆಯನ್ನು ಸರ್ಕಾರ 2025ರಲ್ಲಿ ತಂದಿದೆ. ಮಾರುವವರು ‘ಆಗಿಬಿಡುತ್ತೆ’ ಎಂದರೆ, ಆದ ಮೇಲೆ ಬನ್ನಿ ಎನ್ನುವುದು ಕ್ಷೇಮ.

ಹಲಸೂರು, ಶಿವಾಜಿನಗರದ ಹಳೆ ಮನೆಗಳಲ್ಲಿ ತೊಡಕು ಬೇರೆ ಥರ. ತಾತನ ಹೆಸರಲ್ಲೇ ಉಳಿದ ಖಾತಾ, ನಾಲ್ಕು ಮಕ್ಕಳು, ಮದುವೆಯಾಗಿ ಹೋದ ಇಬ್ಬರು ಅತ್ತೆಯರು. ಒಬ್ಬರ ಹಕ್ಕು ಬಿಡುಗಡೆ ಪತ್ರ ಇಲ್ಲದಿದ್ದರೂ ಬ್ಯಾಂಕಿನ ವಕೀಲರು ಕಡತ ಮುಚ್ಚಿಡುತ್ತಾರೆ. ಬರೀ ಅಧಿಕಾರ ಪತ್ರದ (ಜಿಪಿಎ) ಮೇಲೆ ಮಾರಿಕೊಂಡು ಬಂದ ಆಸ್ತಿಯಾದರೆ, ಅದರಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮೂಲಪತ್ರದಿಂದ ಇಲ್ಲಿಯವರೆಗಿನ ಕೊಂಡಿ, 30 ವರ್ಷದ ಇಸಿ, ಫ್ಲ್ಯಾಟ್ ಆದರೆ ಸ್ವಾಧೀನಾನುಭವ ಪತ್ರ, ಇವಿಷ್ಟು ಮೊದಲು ಕೇಳಿ. ಅಡುಗೆಮನೆಯ ಟೈಲ್ಸ್ ಆಮೇಲೆ ನೋಡಬಹುದು.

ಸಾಲ ಸಿಕ್ಕ ಮೇಲೂ ಬಡ್ಡಿ ಒಂದೇ ಕಡೆ ನಿಲ್ಲುವುದಿಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಬದಲಾಗುವ ಬಡ್ಡಿಯ ಮನೆ ಸಾಲಗಳು ಹೊರಗಿನ ಮಾನದಂಡಕ್ಕೆ, ಬಹುತೇಕ ರೆಪೊ ದರಕ್ಕೆ, ಗಂಟುಬಿದ್ದಿವೆ. 2022ರ ಮೇನಿಂದ 2023ರ ಫೆಬ್ರುವರಿಯೊಳಗೆ ರೆಪೊ ಶೇ 4ರಿಂದ ಶೇ 6.5ಕ್ಕೆ ಏರಿತು. 6.75ರ ಬಡ್ಡಿಗೆ 50 ಲಕ್ಷ ತೆಗೆದವರ ಕಂತು ಲೆಕ್ಕದ ಪ್ರಕಾರ 38 ಸಾವಿರದಿಂದ 45,800ಕ್ಕೆ ಹೋಗಬೇಕಿತ್ತು. ಎಷ್ಟೋ ಬ್ಯಾಂಕುಗಳು ಕಂತು ಮುಟ್ಟದೆ ವರ್ಷಗಳನ್ನು ಹಿಗ್ಗಿಸಿದವು. 2025ರಲ್ಲಿ ದರ ಮತ್ತೆ ಇಳಿಯಿತು. ಇಂಥ ಏರಿಳಿತಕ್ಕೆ ಸಂಸಾರ ತಾಳುತ್ತದೋ ಇಲ್ಲವೋ ಮೊದಲೇ ನೋಡಿಕೊಳ್ಳುವ ಸುಲಭ ದಾರಿಯೊಂದಿದೆ. ಬರಲಿರುವ ಕಂತಿನಲ್ಲಿ ಈಗಿನ ಬಾಡಿಗೆ ಕಳೆದು ಉಳಿದದ್ದನ್ನು ಪ್ರತಿ ತಿಂಗಳ 5ನೇ ತಾರೀಖು ಆರ್‌ಡಿಗೆ ಕಟ್ಟುತ್ತ ಹೋಗಿ. ವರ್ಷ ಪೂರ್ತಿ, ಶಾಲೆ ಫೀಸಿನ ಜೂನ್ ತಿಂಗಳೂ ಹಬ್ಬದ ತಿಂಗಳೂ ಸೇರಿ, ತಪ್ಪದೆ ಕಟ್ಟಿದರೆ ಮುಂಗಡಕ್ಕೆ ಹಣವೂ ಕೂಡುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಶಿಸ್ತೂ ಕಾಣುತ್ತದೆ. ಆಗಸ್ಟ್‌ನಲ್ಲೇ ಉಸಿರು ಕಟ್ಟಿದರೆ ಅಷ್ಟು ದೊಡ್ಡ ಸಾಲ ಬೇಡ.

ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಇಬ್ಬರ ಆದಾಯ ಸೇರಿಸಿ ಅರ್ಜಿ ಹಾಕಿ. ಮನೆಯಲ್ಲೇ ಬ್ಲೌಸ್ ಹೊಲಿಯುವ ಹೆಂಡತಿಯ ಹೆಸರಲ್ಲೂ ರಿಟರ್ನ್ ಶುರು ಮಾಡಿಸಿ. ಕೊಳ್ಳುವುದರಲ್ಲಿ ಹೆಂಗಸಿನ ಹೆಸರಿದ್ದರೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ ಚೂರು ರಿಯಾಯಿತಿ ಕೊಡುತ್ತವೆ.

ಮನೆ ಹುಡುಕುವ ಮುಂಚೆಯೇ ಬ್ಯಾಂಕಿನಿಂದ ‘ನಿಮಗೆ ಇಷ್ಟು ಸಾಲ ಕೊಡಬಹುದು’ ಎಂಬ ಮಂಜೂರಾತಿ ಪತ್ರ ಪಡೆಯಬಹುದು. ಕೆಲವು ತಿಂಗಳು ಅದು ನಡೆಯುತ್ತದೆ. ಅದು ಕೈಯಲ್ಲಿದ್ದರೆ ಚೌಕಾಸಿಗೂ ಬಲ ಬರುತ್ತದೆ. ಟೋಕನ್ ಕೊಡುವಾಗ ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ: ಆಸ್ತಿಯ ಕಾಗದಪತ್ರದ ದೋಷದಿಂದ ಬ್ಯಾಂಕ್ ಸಾಲ ನಿರಾಕರಿಸಿದರೆ ಮುಂಗಡವನ್ನು ಪೂರ್ತಿ ವಾಪಸ್ ಕೊಡತಕ್ಕದ್ದು. ದಲ್ಲಾಳಿಗಳು ಇದಕ್ಕೆ ಮುಖ ಸಿಂಡರಿಸುತ್ತಾರೆ, ‘ಅಷ್ಟೂ ನಂಬಿಕೆ ಇಲ್ವಾ ಸಾರ್’ ಎನ್ನುತ್ತಾರೆ. ಕಾಗದ ಸರಿಯಿರುವ ಮಾಲೀಕರು ಸಾಮಾನ್ಯವಾಗಿ ಸಹಿ ಹಾಕುತ್ತಾರೆ.